ಉಲ್ಲನ್ ಆನೆಯೂ ಅಜ್ಜಿಯ ಎಣಿಕೆಯೂ

ಊರಿನಿಂದ ಅಪ್ಪ-ಅಮ್ಮ ಬರುತ್ತಾರೆಂದರೆ ನಮಗೆಲ್ಲ ಸಂಭ್ರಮ. ಸೂಟ್‌ಕೇಸ್ ತುಂಬ ಚಟ್ನಿಪುಡಿ, ಹಪ್ಪಳ, ಮೊಮ್ಮಕ್ಕಳಿಗೆ ಹೊಸ ಬಟ್ಟೆ. ಎರಡು ವಾರ ಕಳೆದ ಮೇಲೆ ನಿಜವಾದ ಕಷ್ಟ ಶುರು. ಮಗ-ಸೊಸೆ ಕೆಲಸಕ್ಕೆ, ಮಕ್ಕಳು ಸ್ಕೂಲಿಗೆ. ಕಾರು ಓಡಿಸಲು ಬಾರದೆ ಮನೆಯಿಂದಾಚೆ ಹೋಗುವಂತಿಲ್ಲ. ಪರಿಚಯದ ಹಿರಿಯರು ಮಂಡಿನೋವಿಗಿಂತ ಹೆಚ್ಚಾಗಿ ನನ್ನಲ್ಲಿ ಹೇಳಿಕೊಳ್ಳುವುದು, "ಹೊತ್ತೇ ಹೋಗಲ್ಲ ಡಾಕ್ಟ್ರೇ" ಎಂದು. ಇದಕ್ಕೆ ನನ್ನಲ್ಲಿ ಮಾತ್ರೆಯಿಲ್ಲ. ಆದರೆ ಯೂನಿಯನ್ ಸಿಟಿಯ ನಮ್ಮ ಮನೆಯಲ್ಲೇ ಕಂಡ ಉಪಾಯವೊಂದನ್ನು ತಮ್ಮ ಮುಂದಿಡುತ್ತೇನೆ.

ಅದೇ ಹೆಣಿಗೆಯ ಗೊಂಬೆ. ನಮ್ಮ ಅತ್ತೆಯವರು ಊರಿನಲ್ಲಿ ಮನೆಮಂದಿಗೆಲ್ಲ ಸ್ವೆಟರ್ ಹೆಣೆದವರು. ಪುಸ್ತಕ ನೋಡಿ ಹೆಣೆದವರಲ್ಲ. ಇಲ್ಲಿ ನಮ್ಮ ಕಿರಿಯ ಮಗಳು ಲೈಬ್ರರಿಯಿಂದ ಪ್ರಾಣಿಗೊಂಬೆಗಳ ಪ್ಯಾಟರ್ನ್ ಪುಸ್ತಕ ತಂದಳು. ಅದರ ತುಂಬ "ಕೆ", "ಪಿ", "ಕೆ2ಟಾಗ್". ನಮ್ಮ ಡಾಕ್ಟರುಗಳ ಔಷಧ ಚೀಟಿಯಂತೆಯೇ! ಕೆ ಎಂದರೆ ಸೀದಾ, ಪಿ ಎಂದರೆ ಉಲ್ಟಾ, ಕೆ2ಟಾಗ್ ಎಂದರೆ ಎರಡು ಕುಣಿಕೆಗಳನ್ನು ಸೇರಿಸಿ ಒಂದು ಮಾಡುವುದು. ಮೊಮ್ಮಗಳು ಓದುವುದು, ಅಜ್ಜಿ ಹೆಣೆಯುವುದು.

"ಅಜ್ಜಿ, ಈಗ ಎರಡೆರಡು ಸೇರಿಸ್ಬೇಕು."

"ಆಯ್ತು ಪುಟ್ಟಿ, ಎಷ್ಟು ಉಳೀತು ಎಣಿಸು."

ಕನ್ನಡದಲ್ಲಿ ಇಪ್ಪತ್ತು ದಾಟಲು ತಡವರಿಸುತ್ತಿದ್ದ ಹುಡುಗಿ, ಆನೆಯ ಹೊಟ್ಟೆ ಮುಗಿಯುವಷ್ಟರಲ್ಲಿ ನಲವತ್ತೆಂಟರವರೆಗೆ ಸರಾಗವಾಗಿ ಎಣಿಸತೊಡಗಿದಳು.

ಪ್ಯಾಟರ್ನ್ ನೋಡಿ ಪ್ರಾಣಿ ಮಾಡುವ ಈ ಕೆಲಸ ಸಣ್ಣದೆಂದು ತಿಳಿಯಬೇಡಿ. ಜರ್ಮನಿಯ ಗೀಂಗೆನ್ ಊರಿನ ಮಾರ್ಗರೆಟೆ ಸ್ಟೈಫ್ (1847–1909) ಅವರಿಗೆ ಒಂದೂವರೆ ವರ್ಷದಲ್ಲೇ ಪೋಲಿಯೋ ತಗುಲಿ ಕಾಲುಗಳ ಸ್ವಾಧೀನ ಹೋಗಿತ್ತು, ಬಲಗೈಯೂ ದುರ್ಬಲವಾಗಿತ್ತು. ಪತ್ರಿಕೆಯೊಂದರ ಪ್ಯಾಟರ್ನ್ ನೋಡಿ ಅವರು 1880ರಲ್ಲಿ ಗುಂಡುಸೂಜಿ ಚುಚ್ಚಿಡಲೆಂದು ಫೆಲ್ಟ್ ಬಟ್ಟೆಯ ಆನೆಗಳನ್ನು ಹೊಲಿದರು. ಮಕ್ಕಳು ಅದನ್ನೇ ಆಟಕ್ಕೆ ಎತ್ತಿಕೊಂಡರು! ಜಗತ್ಪ್ರಸಿದ್ಧ ಸ್ಟೈಫ್ ಗೊಂಬೆ ಕಂಪನಿ ಬೆಳೆದದ್ದು ಹೀಗೆ.

ಹೆಣಿಗೆ ಗೊತ್ತಿದ್ದವರಿಗೆ ಇದು ಕಷ್ಟವಲ್ಲ. ತಲೆ, ಹೊಟ್ಟೆ, ಕಾಲು, ಸೊಂಡಿಲು ಬೇರೆಬೇರೆಯಾಗಿ ಹೆಣೆದು, ಪಾಲಿಯೆಸ್ಟರ್ ಹತ್ತಿ ತುಂಬಿ ಜೋಡಿಸಬೇಕು. ಕುಣಿಕೆ ಹೆಚ್ಚಿಸಿದರೆ ಹೊಟ್ಟೆ ಉಬ್ಬುತ್ತದೆ, ಕಡಿಮೆ ಮಾಡಿದರೆ ಮುಚ್ಚಿಕೊಳ್ಳುತ್ತದೆ. ಉಲ್ಲನ್ ಚೀಟಿಯಲ್ಲಿ ಹೇಳಿದ್ದಕ್ಕಿಂತ ತೆಳುವಾದ ಕಡ್ಡಿ ಬಳಸಿದರೆ ಹೆಣಿಗೆ ಬಿಗಿಯಾಗಿ, ಒಳಗಿನ ಹತ್ತಿ ಇಣುಕುವುದಿಲ್ಲ.

ಇನ್ನು ವೈದ್ಯನಾಗಿ ಎರಡು ಮಾತು. ಮೂರು ವರ್ಷದೊಳಗಿನ ಮಕ್ಕಳ ಗೊಂಬೆಗೆ ಗುಂಡಿ, ಮಣಿಗಳ ಕಣ್ಣು ಬೇಡವೇ ಬೇಡ. ಕಿತ್ತುಬಂದರೆ ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟಬಹುದು. ದಾರದಲ್ಲೇ ಕಣ್ಣು ಕಸೂತಿ ಮಾಡಿ. ಒಂದು ವರ್ಷ ತುಂಬುವವರೆಗೆ ಮಲಗುವ ತೊಟ್ಟಿಲಿನಲ್ಲಿ ಯಾವ ಮೆತ್ತನೆಯ ಗೊಂಬೆಯನ್ನೂ ಇಡಬಾರದೆಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಅಜ್ಜಿಯ ಪ್ರೀತಿಯ ಆನೆಗೂ ಇದರಲ್ಲಿ ವಿನಾಯಿತಿಯಿಲ್ಲ; ಮಗು ಎಚ್ಚರವಿದ್ದಾಗ ನಿಮ್ಮ ಕಣ್ಣೆದುರಿಗೆ ಆಡಲಿ. ಹೆಣೆಯುವವರು ಅರ್ಧ ಗಂಟೆಗೊಮ್ಮೆ ಕೈಗೆ ವಿಶ್ರಾಂತಿ ಕೊಡಬೇಕು. ಬೆರಳು ಪದೇಪದೇ ಜೋಮು ಹಿಡಿದರೆ ವೈದ್ಯರಿಗೆ ತೋರಿಸಿ.

ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳಿಗೆ ಮೇಲಿನ ಮೆಟ್ಟಿಲು. ಕೆಳಗಿನ ಮೆಟ್ಟಿಲಿನಲ್ಲಿ ಚನ್ನಪಟ್ಟಣದ ಗೊಂಬೆಗಳ ಪಕ್ಕ ಉಲ್ಲನ್ ಆನೆ, ಮೊಲಗಳಿಗೂ ಜಾಗವಿದೆ. ಈ ಸಲ ಊರಿನಿಂದ ಹಿರಿಯರು ಬಂದಾಗ ಟಿವಿ ರಿಮೋಟಿನ ಜೊತೆ ಎರಡು ಕಡ್ಡಿ, ನಾಲ್ಕು ಉಂಡೆ ಉಲ್ಲನ್ ಕೊಟ್ಟು ನೋಡಿ. ಪಕ್ಕದಲ್ಲಿ ಮಕ್ಕಳನ್ನು ಕೂರಿಸಲು ಮಾತ್ರ ಮರೆಯಬೇಡಿ!