ಕಾರ್ಯಸೂಚಿಯ ಮಹತ್ವ

ಸಂಸ್ಕೃತದ 'ಸೂಚೀ' ಎಂಬ ಶಬ್ದಕ್ಕೆ ಪಟ್ಟಿ ಎಂಬ ಅರ್ಥವೂ ಬಟ್ಟೆ ಹೊಲಿಯುವ ಸೂಜಿ ಎಂಬ ಅರ್ಥವೂ ಉಂಟು. ನಮ್ಮ 'ಸೂಜಿ' ಇದರ ತದ್ಭವವೇ. ಆಂಗ್ಲರು ಬಳಸುವ 'ಅಜೆಂಡಾ' ಲ್ಯಾಟಿನ್ ಮೂಲದ ಪದ. 'ಮಾಡತಕ್ಕವು' ಎಂದು ಅದರ ಅರ್ಥ. ನಮ್ಮ 'ಕರಣೀಯ' ಶಬ್ದಕ್ಕೆ ಅದು ಸಮಾನವಾದುದು. ಸಭೆ ಸೇರುವುದು ಕಾರ್ಯಕ್ಕಾಗಿ ಎಂಬುದನ್ನು ಈ ಶಬ್ದಗಳೇ ಸಾರುತ್ತಿವೆ.

ಶಾಲೆ, ವಿದ್ಯಾರ್ಥಿನಿಲಯ, ವಾಚನಾಲಯ ಮೊದಲಾದ ಸೇವಾಸಂಸ್ಥೆಗಳು ನಮ್ಮ ಹನೂರು ಸೀಮೆಯಲ್ಲಿಯೂ ದಾನಿಗಳ ಔದಾರ್ಯದಿಂದ ಬೆಳೆದಿವೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಮೇರೆಗೆ ಏಳು ಮಂದಿ ಸೇರಿದರೆ ಇಂತಹ ಸಂಘವನ್ನು ನೋಂದಾಯಿಸಬಹುದು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯನ್ನು ಕರೆದು ಲೆಕ್ಕಪತ್ರವನ್ನು ಮುಂದಿಡಬೇಕು. ಆದರೆ ಸಭೆ ಕರೆದ ಮಾತ್ರಕ್ಕೆ ಕಾರ್ಯ ಸಾಧಿಸಿತೆಂದು ತಿಳಿಯಲಾಗದು. ಇದನ್ನು ನಾನು ಅನುಭವದಿಂದ ಕಲಿತೆನು.

ಹಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ನಾನೂ ಒಬ್ಬನಾಗಿದ್ದೆನು. ವಿದ್ಯಾರ್ಥಿನಿಲಯದ ಸೋರುವ ಮಾಡಿನ ದುರಸ್ತಿ ಅಂದಿನ ಕಾರ್ಯಸೂಚಿಯಲ್ಲಿ ಕೊನೆಯ ವಿಷಯವಾಗಿತ್ತು. ವಾರ್ಷಿಕೋತ್ಸವದ ಆಹ್ವಾನಪತ್ರಿಕೆ ಮೊದಲನೆಯದು. ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬ ಚರ್ಚೆಯಲ್ಲಿಯೇ ಎರಡು ಗಂಟೆ ಕಳೆಯಿತು. ಅದರಲ್ಲಿದ್ದ ಒಂದು ಸಮಾಸದ ಸಾಧುತ್ವವನ್ನು ಕುರಿತು ಅರ್ಧ ಗಂಟೆ ವಾದಿಸಿದವನು ನಾನೇ. ಅಷ್ಟರಲ್ಲಿ ರಾಮಾಪುರ, ಕೌದಳ್ಳಿ, ಲೊಕ್ಕನಹಳ್ಳಿ ಕಡೆಯ ಸದಸ್ಯರು ಸಂಜೆಯ ಬಸ್ಸಿಗೆಂದು ಎದ್ದರು. ಕೋರಂ ಇಲ್ಲವಾಯಿತು, ಮಾಡಿನ ವಿಷಯ ಮುಂದಿನ ಸಭೆಗೆ ಹೋಯಿತು. ಆ ಸಭೆಗೆ ಮುಂಚೆಯೇ ಹಿಂಗಾರು ಮಳೆ ಬಂದಿತು. ಒಂದು ರಾತ್ರಿ ಮಕ್ಕಳು ಹಾಸಿಗೆಗಳನ್ನು ಸುತ್ತಿ ಎದೆಗವಚಿಕೊಂಡು ಗೋಡೆಯ ಮಗ್ಗುಲಲ್ಲಿ ಕುಳಿತೇ ಬೆಳಗು ಮಾಡಿದರು. ನನ್ನ ಸಮಾಸ ಸಾಧುವಾಗಿಯೇ ಇತ್ತು. ಅಕ್ಕಿಯ ಮೂಟೆಗಳು ಮಾತ್ರ ನೆನೆದಿದ್ದವು.

ಆದ್ದರಿಂದ ಕಾರ್ಯಸೂಚಿಯನ್ನು ಸಿದ್ಧಪಡಿಸುವಾಗ ಕೆಲವು ಅಂಶಗಳನ್ನು ಗಮನಿಸಬೇಕು. ಕಾರ್ಯದರ್ಶಿಯು ಅಧ್ಯಕ್ಷರೊಡನೆ ಕುಳಿತು ಅದನ್ನು ಬರೆದು, ಸಭೆಗೆ ಒಂದು ವಾರ ಮುಂಚಿತವಾಗಿಯಾದರೂ ಸದಸ್ಯರಿಗೆ ತಲುಪಿಸತಕ್ಕದ್ದು. ಈಗ ಮೊಬೈಲಿನಲ್ಲಿ ಕಳುಹಿಸಿದರೂ ಸರಿಯೆ. ಸಂಬಂಧಿಸಿದ ಲೆಕ್ಕ, ಅಂದಾಜುಪಟ್ಟಿಗಳು ಜೊತೆಯಲ್ಲಿರಲಿ. ಪ್ರತಿಯೊಂದು ವಿಷಯದ ಮುಂದೆ ಅದು ತಿಳಿವಳಿಕೆಗೋ, ಚರ್ಚೆಗೋ, ನಿರ್ಣಯಕ್ಕೋ ಎಂಬುದನ್ನೂ, ಮಂಡಿಸುವವರು ಯಾರು, ಅದಕ್ಕೆ ಎಷ್ಟು ನಿಮಿಷ ಎಂಬುದನ್ನೂ ಕಾಣಿಸಬೇಕು. 'ಕಟ್ಟಡದ ವಿಷಯ' ಎಂದು ಬರೆದರೆ ಮಾತು ಎತ್ತೆತ್ತಲೋ ಹರಿಯುತ್ತದೆ. 'ವಿದ್ಯಾರ್ಥಿನಿಲಯದ ಮಾಡಿನ ದುರಸ್ತಿಯ ಅಂದಾಜುಪಟ್ಟಿಗೆ ಒಪ್ಪಿಗೆ ನೀಡುವುದು' ಎಂದು ಬರೆದರೆ ಸದಸ್ಯರು ಮನೆಯಿಂದಲೇ ಸಿದ್ಧರಾಗಿ ಬರುತ್ತಾರೆ.

ವಿಷಯಗಳ ಕ್ರಮವೂ ಮುಖ್ಯ. ಹಿಂದಿನ ಸಭೆಯ ನಡವಳಿಯ ದೃಢೀಕರಣ, ಅದರಂತೆ ಕೈಗೊಂಡ ಕ್ರಮಗಳ ವರದಿ ಇವು ಮೊದಲು ಬರಲಿ. ಒಡನೆಯೇ, ಎಲ್ಲರೂ ಹಾಜರಿದ್ದು ಮನಸ್ಸು ತಿಳಿಯಾಗಿರುವಾಗ, ಹಣಕಾಸು ಹಾಗೂ ತುರ್ತಾದ ನಿರ್ಣಯಗಳನ್ನು ಕೈಗೆತ್ತಿಕೊಳ್ಳಬೇಕು. ಸಮಾರಂಭ, ಆಹ್ವಾನಪತ್ರಿಕೆಗಳು ಅನಂತರ ಬರಲಿ. ದೂರದ ಸದಸ್ಯರ ಬಸ್ಸಿನ ವೇಳೆಯನ್ನು ಅರಿತು ಸಭೆಯ ಮುಕ್ತಾಯದ ವೇಳೆಯನ್ನೂ ನಮೂದಿಸುವುದು ಲೇಸು.

'ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು' ಎಂಬ ಕೊನೆಯ ಸಾಲಿನಲ್ಲಿ ಎಚ್ಚರ ಅಗತ್ಯ. ಸಣ್ಣಪುಟ್ಟ ಸಂಗತಿಗಳಿಗೆ ಮೀಸಲಾದ ಆ ಬಾಗಿಲಿನಿಂದ ಜಮೀನು, ನೇಮಕಾತಿ, ಸಾಲಗಳಂತಹ ಭಾರವಾದ ವಿಷಯಗಳು ಒಳನುಗ್ಗಬಾರದು. ಅಂಥವನ್ನು ಮುಂದಿನ ಕಾರ್ಯಸೂಚಿಗೆ ಸೇರಿಸುವಂತೆ ಸೂಚಿಸುವುದು ಅಧ್ಯಕ್ಷರಿಗೆ ಭೂಷಣ. ಬಾರದೆ ಉಳಿದ ಸದಸ್ಯರ ನಂಬಿಕೆಯೂ ಇದರಿಂದ ಉಳಿಯುತ್ತದೆ.

ಕಡೆಯದಾಗಿ, ಪ್ರತಿಯೊಂದು ನಿರ್ಣಯದ ಕೆಳಗೆ ಹೊಣೆ ಯಾರದು, ಎಂದಿಗೆ ಮುಗಿಯಬೇಕು ಎಂದು ನಡವಳಿ ಪುಸ್ತಕದಲ್ಲಿ ಬರೆಯಿಸಬೇಕು. ಅದೇ ಮುಂದಿನ ಕಾರ್ಯಸೂಚಿಯ ಮೊದಲ ಸಾಲಾಗುತ್ತದೆ. ಹೀಗೆ ಸೂಜಿಯ ಹಿಂದೆ ದಾರವೂ ಸಾಗಿ ಒಂದು ಸಭೆ ಇನ್ನೊಂದಕ್ಕೆ ಹೊಲಿಗೆಗೊಳ್ಳುವುದು. ನಾವು ಎಷ್ಟು ಚೆನ್ನಾಗಿ ವಾದಿಸಿದೆವು ಎಂಬುದನ್ನು ಮಕ್ಕಳು ಬಲ್ಲವರಲ್ಲ. ಮಳೆಯ ರಾತ್ರಿಯಲ್ಲಿ ಅವರು ನೆಮ್ಮದಿಯಿಂದ ಮಲಗಿದರೆ ನಮ್ಮ ಸಭೆ ಸಾರ್ಥಕ.