ಸಮತೋಲನದ ಲೆಕ್ಕವೂ ಸ್ನಾನದ ಮನೆಯ ಅನಿಲವೂ

ರಸಾಯನಶಾಸ್ತ್ರದಲ್ಲಿ ‘ಸಮತೋಲನ ಸ್ಥಿರಾಂಕ’ ಎಂಬುದೊಂದುಂಟು. ಪರೀಕ್ಷೆ ಮುಗಿದೊಡನೆ ಮರೆತುಬಿಡತಕ್ಕದ್ದೆಂದು ಅನೇಕರು ಭಾವಿಸಿರುವ ಈ ಸಂಖ್ಯೆಯು, ಕಿಟಕಿ ಮುಚ್ಚಿ ಗ್ಯಾಸ್ ಗೀಸರ್ ಉರಿಸುವ ಪ್ರತಿಯೊಂದು ಸಂಸಾರದ ಪ್ರಾಣಕ್ಕೂ ಸಂಬಂಧಿಸಿದ್ದಾಗಿದೆ.

ಅನೇಕ ರಾಸಾಯನಿಕ ಕ್ರಿಯೆಗಳು ಎರಡು ದಿಕ್ಕಿನಲ್ಲಿಯೂ ನಡೆಯುತ್ತವೆ. ಎರಡು ಪದಾರ್ಥಗಳು ಕೂಡಿ ಮೂರನೆಯದಾಗುತ್ತಿರುವಾಗಲೇ ಅದು ಒಡೆದು ಮತ್ತೆ ಎರಡಾಗುತ್ತಿರುತ್ತದೆ. ಎರಡೂ ವೇಗಗಳು ಸರಿಸಮವಾದಾಗ ಸಮತೋಲನ ಏರ್ಪಡುತ್ತದೆ. ಖಾತೆಯೊಂದರಲ್ಲಿ ದಿನವೂ ಜಮೆಯಾದಷ್ಟೇ ಹಣ ಖರ್ಚು ಬಿದ್ದರೆ ಶಿಲ್ಕು ಬದಲಾಗದು. ಆದರೆ ವ್ಯವಹಾರವೇನೂ ನಿಂತಿರುವುದಿಲ್ಲ. ಇದೂ ಹಾಗೆಯೇ. ಆ ಸ್ಥಿತಿಯಲ್ಲಿ ಉತ್ಪನ್ನದ ಸಾಂದ್ರತೆಯನ್ನು ಮೂಲವಸ್ತುಗಳ ಸಾಂದ್ರತೆಗಳ ಗುಣಲಬ್ಧದಿಂದ ಭಾಗಿಸಿದರೆ ಬರುವ ಸಂಖ್ಯೆಯು, ಉಷ್ಣತೆ ಬದಲಾಗದಿರುವವರೆಗೆ ಸ್ಥಿರವಾಗಿರುತ್ತದೆ. ೧೮೬೪ರಲ್ಲಿ ನಾರ್ವೆ ದೇಶದ ಗುಲ್ಡ್‌ಬರ್ಗ್ ಮತ್ತು ವಾಗೆ ಎಂಬ ಭಾವಮೈದುನರು ಈ ತತ್ತ್ವಕ್ಕೆ ಅಡಿಪಾಯ ಹಾಕಿದರು.

ನಮ್ಮ ರಕ್ತದ ಹಿಮೋಗ್ಲೋಬಿನ್ ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದು, ದೇಹದ ಅಂಗಾಂಶಗಳಲ್ಲಿ ಬಿಟ್ಟುಕೊಡುತ್ತದೆ. ಗಾಳಿ ಸಾಲದೆ ಇಂಧನವು ಅರೆಬರೆಯಾಗಿ ಉರಿದಾಗ ಹುಟ್ಟುವ ಇಂಗಾಲದ ಮೊನಾಕ್ಸೈಡ್ ಅದೇ ಸ್ಥಾನವನ್ನು ಆಕ್ರಮಿಸುತ್ತದೆ. ಆಮ್ಲಜನಕವನ್ನು ಹೊರದೂಡಿ ಈ ಅನಿಲವು ನೆಲೆಗೊಳ್ಳುವ ಕ್ರಿಯೆಯ ಸ್ಥಿರಾಂಕವು ಸುಮಾರು ೨೦೦ರಿಂದ ೨೫೦. ೧೯೧೨ರಲ್ಲಿ ಇದರ ನಿಯಮವನ್ನು ಪ್ರಕಟಿಸಿದವರಲ್ಲಿ ಜೆ. ಎಸ್. ಹಾಲ್ಡೇನ್ ಹಾಗೂ ಅವರ ಪುತ್ರ ಜೆ. ಬಿ. ಎಸ್. ಹಾಲ್ಡೇನ್ ಸೇರಿದ್ದರು. ಪುತ್ರನು ೧೯೫೭ರಲ್ಲಿ ಭಾರತಕ್ಕೆ ಬಂದು ನೆಲೆಸಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ನಿಧನರಾದರು.

ಲೆಕ್ಕ ಹಾಕಿ ನೋಡೋಣ. ಗಾಳಿಯಲ್ಲಿ ಆಮ್ಲಜನಕವು ಶೇಕಡ ೨೧. ಸ್ಥಿರಾಂಕವನ್ನು ೨೧೦ ಎಂದಿಟ್ಟುಕೊಂಡರೆ, ಆಮ್ಲಜನಕದ ೨೧೦ನೆಯ ಒಂದು ಪಾಲು, ಎಂದರೆ ಗಾಳಿಯ ಸಾವಿರದಲ್ಲಿ ಒಂದು ಭಾಗ ಮೊನಾಕ್ಸೈಡ್ ಇದ್ದರೆ ಸಾಕು. ಸಮತೋಲನ ಕೂಡುವ ಹೊತ್ತಿಗೆ ಹಿಮೋಗ್ಲೋಬಿನ್ನಿನ ಅರ್ಧಭಾಗ ವಿಷದ ವಶವಾಗಿರುತ್ತದೆ. ಉಳಿದರ್ಧವೂ ತನ್ನ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡದು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಓಕರಿಕೆ, ತಲೆಸುತ್ತು ಬಂದು, ಬಾಗಿಲ ಚಿಲಕ ತೆಗೆಯುವಷ್ಟು ತ್ರಾಣವೂ ಉಳಿಯದೆ ಹೋಗಬಹುದು. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಸಹ ಇದನ್ನು ಆಮ್ಲಜನಕವೆಂದೇ ಭ್ರಮಿಸಿ ನಂಬಲಾಗದ ಅಂಕಿಯನ್ನು ತೋರಿಸುತ್ತದೆ.

ಚಿಕಿತ್ಸೆಯ ಗುಟ್ಟೂ ಈ ಲೆಕ್ಕದಲ್ಲಿಯೇ ಅಡಗಿದೆ. ಸ್ಥಿರಾಂಕವನ್ನು ವೈದ್ಯರು ಬದಲಿಸಲಾರರು. ಆದರೆ ಆಮ್ಲಜನಕದ ಪ್ರಮಾಣವನ್ನು ಹೆಚ್ಚಿಸಬಲ್ಲರು. ಸಾಮಾನ್ಯ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕಿಳಿಯಲು ಸುಮಾರು ನಾಲ್ಕೈದು ಗಂಟೆ ಬೇಕಾದರೆ, ಶುದ್ಧ ಆಮ್ಲಜನಕ ಕೊಟ್ಟಾಗ ಒಂದು, ಒಂದೂವರೆ ಗಂಟೆ ಸಾಕಾಗುತ್ತದೆ.

ಮಹಾನಗರದ ಕಿರಿದಾದ ಮನೆಗಳಲ್ಲಿ ವಾಸಿಸುವ ನಾವು ಕೆಲವು ನಿಯಮಗಳನ್ನು ತಪ್ಪದೆ ಪಾಲಿಸಬೇಕು. ಗ್ಯಾಸ್ ಗೀಸರನ್ನು ಸ್ನಾನದ ಮನೆಯ ಹೊರಗೆ, ಗಾಳಿಯಾಡುವಲ್ಲಿ ಇರಿಸತಕ್ಕದ್ದು. ದೆಹಲಿಯ ಚಳಿಯಲ್ಲಿ ಇದ್ದಿಲಿನ ಅಂಗೀಠಿಯನ್ನು ಮಲಗುವ ಕೋಣೆಗೆ ತರಲೇಬಾರದು. ಯಾರಾದರೂ ಮೂರ್ಛೆ ಹೋದರೆ, ಬಾಗಿಲು ಕಿಟಕಿ ತೆರೆದು, ಉರಿಯನ್ನು ಆರಿಸಿ, ಅವರನ್ನು ಹೊರಗಿನ ಗಾಳಿಗೆ ತಂದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ‘ಗ್ಯಾಸ್ ಉರಿಯುತ್ತಿತ್ತು’ ಎಂಬುದನ್ನು ವೈದ್ಯರಿಗೆ ಮೊದಲು ತಿಳಿಸಬೇಕು. ಪ್ರಕೃತಿಯ ಲೆಕ್ಕದಲ್ಲಿ ರಿಯಾಯಿತಿಯಿಲ್ಲ. ತೆರೆದ ಕಿಟಕಿಯೊಂದೇ ನಮ್ಮ ಕಡೆಯ ಜಮೆ.