ಹತ್ತಿಗೆ ‘ಟಾನಿಕ್’ ಹೊಡೆಯೋ ಮುಂಚೆ ಬಾಟಲಿ ತಿರುಗಿಸಿ ಓದಿ: ಒಂದು ಮೊಗ್ಗು ಉಳಿಸುತ್ತೆ, ಇನ್ನೊಂದು ಗಿಡ ತಡೆಯುತ್ತೆ

ರಾಯಚೂರು: ಹತ್ತಿ ಮೊಗ್ಗು ಹಿಡಿಯೋ ಹೊತ್ತಿಗೆ ಗೊಬ್ಬರದ ಅಂಗಡಿಗಳಲ್ಲಿ ಕೇಳಿಬರುವ ಮಾತು ಒಂದೇ. ‘ಮೊಗ್ಗು ಉದುರಾಕ ಹತ್ಯಾವ, ಯಾವುದಾದ್ರೂ ಒಂದು ಟಾನಿಕ್ ಕೊಡ್ರಿ.’ ಅಂಗಡಿಯವರು ಒಂದು ಬಾಟಲಿ ಕೊಡ್ತಾರೆ. ರೈತರು ಅದನ್ನು ಕೀಟದ ಎಣ್ಣೆ ಜೊತೆಗೇ ಬೆರೆಸಿ ಹೊಡೀತಾರೆ. ಆದರೆ ಟಾನಿಕ್ ಅಂತ ಮಾರಾಟವಾಗುವ ಬಾಟಲಿಗಳೆಲ್ಲ ಒಂದೇ ಕೆಲಸ ಮಾಡಲ್ಲ. ಕೆಲವು ಒಂದಕ್ಕೊಂದು ಪೂರ್ತಿ ಉಲ್ಟಾ.

ಇವು ಗೊಬ್ಬರ ಅಲ್ಲ

ಗಿಡ ಎಷ್ಟು ಎತ್ತರ ಹೋಗಬೇಕು, ಯಾವ ಮೊಗ್ಗು ಉಳೀಬೇಕು, ಯಾವ ಎಲೆ ಉದುರಬೇಕು ಅನ್ನೋದನ್ನು ಗಿಡದೊಳಗಿನ ಹಾರ್ಮೋನುಗಳೇ ನಿರ್ಧರಿಸುತ್ತವೆ. ಈ ಹಾರ್ಮೋನುಗಳನ್ನು ಹೆಚ್ಚು ಕಡಿಮೆ ಮಾಡೋ ರಾಸಾಯನಿಕಗಳೇ ಬೆಳವಣಿಗೆ ನಿಯಂತ್ರಕಗಳು. ಇವು ಗಿಡಕ್ಕೆ ಊಟ ಹಾಕಲ್ಲ, ಇರೋ ಊಟ ಯಾವ ಕಡೆ ಹೋಗಬೇಕು ಅಂತ ತಿರುಗಿಸುತ್ತವೆ ಅಷ್ಟೆ. ಭೂಮಿಯಲ್ಲಿ ತೇವ, ಗೊಬ್ಬರ ಇಲ್ಲದಿದ್ದರೆ ತಿರುಗಿಸೋಕೂ ಏನೂ ಇರಲ್ಲ.

ಮೊಗ್ಗು ಉದುರಿದರೆ

ಹತ್ತಿ ಗಿಡ ತಾನು ಬಿಟ್ಟ ಮೊಗ್ಗು, ಎಳೆಗಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಾನೇ ಉದುರಿಸುತ್ತೆ. ಅದು ರೋಗ ಅಲ್ಲ. ಮೋಡ ಮುಚ್ಚಿದಾಗ, ಹೊಲದಲ್ಲಿ ನೀರು ನಿಂತಾಗ ಅಥವಾ ತೇವ ಆರಿದಾಗ ಉದುರೋದು ಜಾಸ್ತಿಯಾಗುತ್ತೆ. ಆಗ ಬಳಸೋದು ಎನ್‌ಎಎ. ಮೊಗ್ಗಿನ ತೊಟ್ಟು ಕಳಚದಂತೆ ಹಿಡಿಯೋ ಆಕ್ಸಿನ್ ಎಂಬ ಹಾರ್ಮೋನಿನ ಕೆಲಸವನ್ನೇ ಇದು ಮಾಡುತ್ತೆ.

ಇಲ್ಲಿ ಅಳತೆಯೇ ಮುಖ್ಯ. ಶೇ 4.5ರ ಎನ್‌ಎಎ ದ್ರಾವಣ 1 ಮಿಲಿಗೆ ನಾಲ್ಕೂವರೆ ಲೀಟರ್ ನೀರು ಹಾಕಿದರೆ 10 ಪಿಪಿಎಂ ಆಗುತ್ತೆ. ಅಂದರೆ 16 ಲೀಟರಿನ ಒಂದು ಟ್ಯಾಂಕಿಗೆ ಬೇಕಾಗೋದು ಸುಮಾರು ಮೂರೂವರೆ ಮಿಲಿ ಮಾತ್ರ. ‘ಇನ್ನೊಂದು ಮುಚ್ಚಳ ಇರಲಿ’ ಅನ್ನೋ ಲೆಕ್ಕ ಇದಕ್ಕೆ ನಡೆಯಲ್ಲ. ಸೇಬಿನ ತೋಟಗಳಲ್ಲಿ ಹೆಚ್ಚಾದ ಎಳೆಗಾಯಿ ಉದುರಿಸೋಕೆ ಬಳಸೋದೂ ಇದೇ ಎನ್‌ಎಎ. ಉಳಿಸೋದೂ ಅದೇ, ಉದುರಿಸೋದೂ ಅದೇ. ವ್ಯತ್ಯಾಸ ಇರೋದು ಹೊತ್ತು ಮತ್ತು ಪ್ರಮಾಣದಲ್ಲಿ.

ಉದುರಿದ ಮೊಗ್ಗು ಬಿಡಿಸಿ ನೋಡೋದು ಮೊದಲ ಕೆಲಸ. ತೂತು ಇದ್ದರೆ, ಒಳಗೆ ಹುಳ ಇದ್ದರೆ ಅದು ಕಾಯಿಕೊರಕದ ಕಾಟ. ಅದಕ್ಕೆ ಹಾರ್ಮೋನ್ ಹೊಡೆದರೆ ದುಡ್ಡು ದಂಡ.

ಗಿಡ ಎದೆಮಟ್ಟ ಬಂದರೆ

ಕಾಲುವೆ ನೀರಿನ ಹೊಲಗಳಲ್ಲಿ ಯೂರಿಯಾ ಜಾಸ್ತಿಯಾದರೆ ಹತ್ತಿ ಗಿಡ ಬರೀ ಎಲೆ, ಕಡ್ಡಿ ಬಿಟ್ಟು ಮೇಲೇರುತ್ತೆ. ಕೆಳಗೆ ಬಿಸಿಲು ಬೀಳಲ್ಲ, ಕಾಯಿ ಕೊಳೆಯುತ್ತೆ, ಎಣ್ಣೆ ಹೊಡೆದರೂ ಒಳಗೆ ತಲುಪಲ್ಲ. ಇಂಥ ಕಡೆ ಬಳಸೋದು ಮೆಪಿಕ್ವಾಟ್ ಕ್ಲೋರೈಡ್. ಗಿಡವನ್ನು ಉದ್ದ ಎಳೆಯೋ ಜಿಬ್ಬರೆಲಿನ್ ತಯಾರಾಗೋದನ್ನು ಇದು ತಡೆಯುತ್ತೆ. ಗೆಣ್ಣುಗಳ ನಡುವಿನ ಅಂತರ ಗಿಡ್ಡ ಆಗಿ, ಎಲೆ ಕಡು ಹಸಿರು ಬಣ್ಣಕ್ಕೆ ತಿರುಗುತ್ತೆ. ಶೇ 5ರ ದ್ರಾವಣವನ್ನು ಲೀಟರಿಗೆ 1 ಮಿಲಿ ಹಾಕಿದರೆ 50 ಪಿಪಿಎಂ. ಆದರೆ ಆ ಕಡು ಹಸಿರು ನೋಡಿ ಇಳುವರಿ ಬಂತು ಅಂದ್ಕೋಬಾರದು. ಗಿಡ ಗಿಡ್ಡ ಆಗೋದು ಖಚಿತ, ಇಳುವರಿ ಏರೋದು ಖಚಿತ ಅಲ್ಲ.

ಮಳೆ ನಂಬಿದ ಹೊಲದಲ್ಲಿ ತೇವ ಇಲ್ಲದೆ ಮೊಣಕಾಲುದ್ದ ನಿಂತ ಗಿಡಕ್ಕೆ ಇದನ್ನು ಹೊಡೆದರೆ ಇರೋ ಬೆಳವಣಿಗೆಯೂ ನಿಲ್ಲುತ್ತೆ. ಹೊಸ ಟೊಂಗೆ ಇಲ್ಲ ಅಂದರೆ ಹೊಸ ಮೊಗ್ಗೂ ಇಲ್ಲ. ಪಕ್ಕದ ನೀರಾವರಿ ಹೊಲದವರು ಹೊಡೆದರು ಅಂತ ಇವರೂ ಹೊಡೆಯೋದು ಇಲ್ಲೇ ಕೈ ಕೊಡೋದು. ಆಳು ಸಿಗೋ ಊರಲ್ಲಿ 75ರಿಂದ 90 ದಿನದ ಎತ್ತರದ ಗಿಡಕ್ಕೆ ಕುಡಿ ಚಿವುಟಿದರೂ ಮೇಲೇರೋದು ನಿಲ್ಲುತ್ತೆ. ಅದಕ್ಕೆ ಬಾಟಲಿ ಬೇಕಿಲ್ಲ.

ಎಲೆ ಬೆಂಡೆ ಎಲೆಯಂತಾದರೆ

ಇನ್ನೊಂದು ಅಪಾಯ ಟ್ಯಾಂಕಿನಲ್ಲೇ ಕೂತಿರುತ್ತೆ. ಭತ್ತ, ಜೋಳ, ಕಬ್ಬಿನಲ್ಲಿ ಕಳೆಗೆ ಹೊಡೆಯೋ 2,4-ಡಿ ಕೂಡ ಆಕ್ಸಿನ್ ಜಾತಿಯದ್ದೇ. ಹತ್ತಿಗೆ ಅದು ಸ್ವಲ್ಪ ತಾಗಿದರೂ ಸಾಕು, ಎಲೆ ಸೀಳಿ ಬೆಂಡೆ ಎಲೆಯಂತೆ ಬೆರಳು ಬೆರಳಾಗುತ್ತೆ. ಇದನ್ನು ವೈರಸ್ ರೋಗ ಅಂದ್ಕೊಂಡು ಮತ್ತೆ ಮತ್ತೆ ಔಷಧಿ ಹೊಡೆಯೋರಿದ್ದಾರೆ. ಇದಕ್ಕೆ ಮದ್ದಿಲ್ಲ. ತಾಗಿದ್ದು ಕಡಿಮೆ ಇದ್ದರೆ ಗಿಡ ತಾನೇ ಚೇತರಿಸಿಕೊಳ್ಳುತ್ತೆ. ಕಳೆನಾಶಕಕ್ಕೆ ಬೇರೆ ಪಂಪು ಇಡೋದೇ ದಾರಿ. ಗಾಳಿ ಇರುವಾಗ ಪಕ್ಕದ ಹೊಲದವರೂ 2,4-ಡಿ ಹೊಡೆಯಬಾರದು.

ಅಂಗಡಿಯಲ್ಲಿ ಕೇಳಬೇಕಾದ್ದು

ಎನ್‌ಎಎ, ಮೆಪಿಕ್ವಾಟ್ ಎರಡೂ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾದವು. ಸಮುದ್ರ ಪಾಚಿ, ಹ್ಯೂಮಿಕ್‌ನಂಥ ಜೈವಿಕ ಉತ್ತೇಜಕಗಳನ್ನು ಕೇಂದ್ರ ಸರ್ಕಾರ 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದಿದೆ. ಹಾಗಾಗಿ ಬಾಟಲಿ ಮೇಲೆ ಒಳಗಿರೋ ವಸ್ತುವಿನ ಹೆಸರು, ಶೇಕಡಾ ಪ್ರಮಾಣ, ಯಾವ ಬೆಳೆಗೆ ಅನ್ನೋದು ಇರಬೇಕು. ಬರೀ ‘ಸೂಪರ್’, ‘ಗೋಲ್ಡ್’ ಅಂತ ಇದ್ದರೆ ವಾಪಸ್ ಕೊಡಿ. ಬಿಲ್ ಇಲ್ಲದೆ ತರಬೇಡಿ, ಬೆಳೆ ಕೆಟ್ಟರೆ ದೂರು ಕೊಡೋಕೆ ಅದೇ ಆಧಾರ.

ಅಂಗಡಿಯವರೂ ಬಾಟಲಿ ಕೊಡುವ ಮುಂಚೆ ಮೂರು ಮಾತು ಕೇಳಿದರೆ ಇಬ್ಬರಿಗೂ ಒಳ್ಳೆಯದು: ಬಿತ್ತಿ ಎಷ್ಟು ದಿನ ಆಯ್ತು? ನೀರಾವರಿಯೋ, ಮಳೆಯೋ? ಗಿಡ ಎಷ್ಟು ಎತ್ತರ ಇದೆ?

ಅನುಮಾನ ಇದ್ದರೆ ಉದುರಿದ ಮೊಗ್ಗು, ಒಂದು ಟೊಂಗೆ ಹಿಡಿದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ತೋರಿಸಬಹುದು. ಕಿಸಾನ್ ಕಾಲ್ ಸೆಂಟರ್‌ನ ಉಚಿತ ಸಂಖ್ಯೆ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು.